ಡಿಬಗ್ಗರ್ ಸುಳ್ಳು ಹೇಳಬಾರದು: ಲುವಾ ಡಿಬಗ್ಗರ್‌ಗೆ ವಾಚ್, ಕಂಡೀಶನಲ್ ಬ್ರೇಕ್‌ಪಾಯಿಂಟ್ ಸೇರಿಸಿದ ಕಥೆ

ಮೂರು ಸಾಲಿನ ಒಂದು ಸ್ಕ್ರಿಪ್ಟಿಂದ ಶುರು ಮಾಡ್ತೀನಿ, ಇಡೀ ಮಾತು ಈ ಮೂರು ಸಾಲಿನ ಸುತ್ತಾನೇ ತಿರುಗುತ್ತೆ. ನಮ್ಮ ಸಣ್ಣ ಟೀಮು ಹಾಲಿನ ಡೈರಿಗಳ ಲೆಕ್ಕದ ಸಾಫ್ಟ್‌ವೇರ್ ಮಾಡ್ತಿತ್ತು. ಊರಲ್ಲಿ ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕ್ತಾರಲ್ಲ, ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಅಂದ್ರೆ ಕೊಬ್ಬು ಬಿಟ್ಟು ಹಾಲಲ್ಲಿ ಉಳಿಯೋ ಗಟ್ಟಿ ಅಂಶ, ಇಷ್ಟು ನೋಡಿ ದರ ಕಟ್ತಾರೆ. ಈ ದರದ ನಿಯಮ ಆಗಾಗ ಬದಲಾಗ್ತಾ ಇರುತ್ತೆ, ಪ್ರತಿ ಸಲ ಇಡೀ ಸಾಫ್ಟ್‌ವೇರ್ ಬಿಲ್ಡ್ ಮಾಡಿ ಕಳಿಸೋಕಾಗಲ್ಲ, ಅದಕ್ಕೆ ನಿಯಮಗಳನ್ನ ಲುವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟಲ್ಲಿ ಬರೆದಿದ್ವಿ.

ಎಸ್‌ಎನ್‌ಎಫ್ ಭಾಗ ಪಕ್ಕಕ್ಕಿಟ್ಟು ಸರಳ ಮಾಡಿ ಹೇಳ್ತೀನಿ. ಸಾಲು 21: ಲೋಕಲ್ ಕೀ = ಫ್ಯಾಟ್ * 100. ಸಾಲು 22: ಲೋಕಲ್ ರೇಟ್ = ಚಾರ್ಟ್[ಕೀ]. ಸಾಲು 23: ಮೊತ್ತ = ಮೊತ್ತ + ರೇಟ್ * ಲೀಟರ್. ಇಷ್ಟೇ. ಲೋಕಲ್ ಅಂದ್ರೆ ಕೋಡಿನ ಆ ತುಂಡೊಳಗೆ ಮಾತ್ರ ಇರೋ ವೇರಿಯಬಲ್, ಚಾರ್ಟ್ ಅಂದ್ರೆ ದರದ ಪಟ್ಟಿ. ಬಹುಪಾಲು ದಿನ ಸರಿಯಾಗೇ ಓಡ್ತಿತ್ತು, ಒಂದೊಂದು ದಿನ ಮಾತ್ರ 23ನೇ ಸಾಲಲ್ಲಿ ಬೀಳ್ತಿತ್ತು. ಲುವಾ ಎರರ್ ಸ್ಪಷ್ಟವಾಗೇ ಹೇಳ್ತಿತ್ತು, ನಿಲ್ ಮೇಲೆ ಲೆಕ್ಕ ಮಾಡೋಕೆ ಹೋಗಿದೀಯ, ಲೋಕಲ್ ವೇರಿಯಬಲ್ ರೇಟ್ ಅಂತ. ನಿಲ್ ಅಂದ್ರೆ ಲುವಾದಲ್ಲಿ ಏನೂ ಇಲ್ಲ ಅಂತ.

ಆ ಹೊತ್ತಿಗೆ ನಮ್ಮದೇ ಒಂದು ಪುಟ್ಟ ಡಿಬಗ್ಗರ್ ಇತ್ತು, ಅಂದ್ರೆ ಓಡ್ತಿರೋ ಪ್ರೋಗ್ರಾಂ ನಿಲ್ಲಿಸಿ ಒಳಗೆ ಏನಾಗ್ತಿದೆ ಅಂತ ನೋಡೋ ಸಾಧನ. ಸಾಲಲ್ಲಿ ನಿಲ್ಲಿಸೋದು, ಒಂದೊಂದೇ ಹೆಜ್ಜೆ ಹಾಕೋದು, ಅಷ್ಟೇ ಬರ್ತಿತ್ತು. ಸಾವಿರಾರು ಎಂಟ್ರಿ ಇರೋ ಲೂಪಲ್ಲಿ ಒಂದೊಂದೇ ಹೆಜ್ಜೆ ಹಾಕ್ಕೊಂಡು ಹೋಗೋಕಾಗುತ್ತಾ? ಅದಕ್ಕೆ ಎರಡು ಫೀಚರ್ ಸೇರಿಸಿದೆ. ವಾಚ್ ಎಕ್ಸ್‌ಪ್ರೆಶನ್, ಅಂದ್ರೆ ಪ್ರೋಗ್ರಾಂ ನಿಂತಾಗೆಲ್ಲ ನಾವು ಬರೆದಿಟ್ಟ ಎಕ್ಸ್‌ಪ್ರೆಶನ್‌ನ ಬೆಲೆ, ಅಂದ್ರೆ ವ್ಯಾಲ್ಯೂ, ತೋರಿಸೋದು. ಕಂಡೀಶನಲ್ ಬ್ರೇಕ್‌ಪಾಯಿಂಟ್, ಅಂದ್ರೆ ಆ ಸಾಲಿಗೆ ಬಂದಾಗ ಷರತ್ತು ನಿಜ ಆದ್ರೆ ಮಾತ್ರ ನಿಲ್ಲೋದು. ಎರಡೂ ಸೇರಿ ಒಂದು ಮಧ್ಯಾಹ್ನದ ಕೆಲಸ ಆಯ್ತು. 23ನೇ ಸಾಲಿಗೆ ರೇಟ್ == ನಿಲ್ ಅಂತ ಕಂಡೀಶನ್ ಹಾಕಿದ್ವಿ, ಓಡಿಸಿದ್ವಿ. ನಿಲ್ಲಲೇ ಇಲ್ಲ, ನೇರ ಹೋಗಿ ಎರರ್ ಹೊಡೀತು. ಆಮೇಲೆ ಎರರ್ ಆದ ಜಾಗದಲ್ಲೇ ನಿಲ್ಲೋ ಹಾಗೆ ಮಾಡಿ ನೋಡಿದ್ರೆ, ಟೀಮಲ್ಲಿದ್ದ ಹುಡುಗ ಕರೆದು ತೋರಿಸ್ದ: "ಸರ್, ಎರರ್ ನಿಲ್ ಅಂತಿದೆ, ವಾಚಲ್ಲಿ ನೋಡಿದ್ರೆ ರೇಟ್ 32.5 ಅಂತ ಕೂತಿದೆ." ಒಂದೇ ವೇರಿಯಬಲ್, ಒಂದೇ ಕ್ಷಣ, ಲುವಾ ಒಂದು ಹೇಳ್ತಿದೆ, ನಮ್ಮ ಡಿಬಗ್ಗರ್ ಇನ್ನೊಂದು ಹೇಳ್ತಿದೆ.

ಇವತ್ತು ನಾನು ಹೇಳ್ಬೇಕಾಗಿರೋದು ಇದನ್ನೇ. ಈ ಫೀಚರ್‌ಗಳನ್ನ ಸೇರಿಸೋದು ಸುಲಭ, ಅವು ನಿಜ ಹೇಳೋ ಹಾಗೆ ಮಾಡೋದು ಕಷ್ಟ. ಡಿಬಗ್ಗರ್ ಇಲ್ಲದೇ ಇದ್ರೆ ನಮಗೆ ಏನೂ ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಿರುತ್ತೆ, ಸುಳ್ಳು ಹೇಳೋ ಡಿಬಗ್ಗರ್ ಇದ್ರೆ ಅದೂ ಹೋಯ್ತು.

ಮೊದಲು ವಾಚ್ ಅನ್ನೋ ಪದದ ಗೊಂದಲ ಬಿಡಿಸ್ಕೊಳ್ಳೋಣ, ಯಾಕಂದ್ರೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸ್ತಾರೆ. ವಿಎಸ್ ಕೋಡ್ ಅನ್ನೋ ಕೋಡ್ ಎಡಿಟರ್‌ನಲ್ಲಿ ವಾಚ್ ಅಂದ್ರೆ ನಿಂತಾಗ ಬೆಲೆ ತೋರಿಸೋದು ಅಷ್ಟೇ. ಸಿ ಥರದ ಭಾಷೆಗಳ ಡಿಬಗ್ಗರ್ ಆದ ಜಿಡಿಬಿಯಲ್ಲಿ ವಾಚ್ ಅಂತ ಕಮಾಂಡ್ ಕೊಟ್ರೆ ಅದು ವಾಚ್‌ಪಾಯಿಂಟ್, ಬೆಲೆ ಬದಲಾದ ಕ್ಷಣ ಪ್ರೋಗ್ರಾಂ ನಿಲ್ಲುತ್ತೆ. ಲುವಾ ಲೋಕದಲ್ಲಿ ಮಾಬ್‌ಡಿಬಗ್ ಅಂತ ಒಂದು ಡಿಬಗ್ಗರ್ ಇದೆ, ಝೀರೋಬ್ರೇನ್ ಸ್ಟುಡಿಯೋ ಅನ್ನೋ ಎಡಿಟರ್ ಬಳಸೋದು ಅದನ್ನೇ, ಅದರಲ್ಲಿ ವಾಚ್ ಅಂದ್ರೆ ಎಕ್ಸ್‌ಪ್ರೆಶನ್ ನಿಜ ಆದಾಗ ನಿಲ್ಲೋದು. ಮೂರಕ್ಕೂ ಒಂದೇ ಹೆಸರು. ಇದರಲ್ಲಿ ಬೆಲೆ ಬದಲಾದಾಗ ನಿಲ್ಲೋದು ಬಹಳ ದುಬಾರಿ. ಸಿ ಪ್ರೋಗ್ರಾಂ ಆದ್ರೆ ಪ್ರೊಸೆಸರ್ ಸಹಾಯಕ್ಕೆ ಬರುತ್ತೆ, ಎಕ್ಸ್86 ಚಿಪ್‌ಗಳಲ್ಲಿ ಡಿಆರ್0 ಇಂದ ಡಿಆರ್3 ತನಕ ನಾಲ್ಕು ರಿಜಿಸ್ಟರ್ ಇದಕ್ಕೇ ಅಂತ ಇದಾವೆ, 80386 ಕಾಲದಿಂದ. ಆ ನಾಲ್ಕು ಮುಗಿದ ಮೇಲೆ ಜಿಡಿಬಿ ಒಂದೊಂದೇ ಇನ್‌ಸ್ಟ್ರಕ್ಷನ್ ಓಡಿಸಿ ನೋಡ್ಬೇಕು, ನೂರಾರು ಪಟ್ಟು ನಿಧಾನ ಆಗುತ್ತೆ ಅಂತ ಅದರ ಮ್ಯಾನ್ಯುಯಲ್ಲೇ ಹೇಳುತ್ತೆ. ಸ್ಕ್ರಿಪ್ಟ್ ಭಾಷೆಗೆ ಆ ನಾಲ್ಕು ರಿಜಿಸ್ಟರ್ ಕೂಡ ಉಪಯೋಗಕ್ಕೆ ಬರಲ್ಲ, ಲುವಾ ವೇರಿಯಬಲ್ ಮೆಮೊರಿಯಲ್ಲಿ ಒಂದೇ ಜಾಗದಲ್ಲಿ ಕೂತಿರುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೆ ನಾವು ಅದನ್ನ ಕೈಬಿಟ್ವಿ. ನಿಂತಾಗ ತೋರಿಸೋ ವಾಚ್, ನಿಜ ಆದ್ರೆ ನಿಲ್ಲೋ ಬ್ರೇಕ್‌ಪಾಯಿಂಟ್, ಎರಡೇ ಸಾಕು ಅಂದ್ಕೊಂಡ್ವಿ.

ಇನ್ನು ಯಂತ್ರದ ಒಳಗೆ ಹೋಗೋಣ. ಲುವಾ 1993ರಲ್ಲಿ ರಿಯೋ ಡಿ ಜನೈರೋದ ಪಿಯುಸಿ ರಿಯೋ ಅನ್ನೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಭಾಷೆ, ಪೋರ್ಚುಗೀಸ್‌ನಲ್ಲಿ ಲುವಾ ಅಂದ್ರೆ ಚಂದ್ರ. ಬೇರೆ ಪ್ರೋಗ್ರಾಂ ಒಳಗೆ ಕೂರಿಸೋಕೆ ಅಂತಲೇ ಮಾಡಿದ್ದು, ಅದಕ್ಕೇ ರೆಡಿಸ್ ಡೇಟಾಬೇಸ್ ಒಳಗೂ ಇದೆ, ನಿಯೋವಿಮ್ ಎಡಿಟರ್ ಒಳಗೂ ಇದೆ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಒಳಗೂ ಇದೆ. ಅದನ್ನ ಮಾಡಿದವರು ರೆಡಿ ಡಿಬಗ್ಗರ್ ಕೊಡಲಿಲ್ಲ, ಡಿಬಗ್ಗರ್ ಕಟ್ಟಿಕೊಳ್ಳೋಕೆ ಬೇಕಾದ ಸಾಮಾನು ಕೊಟ್ರು. ಡಿಬಗ್ ಲೈಬ್ರರಿಯಲ್ಲಿ ಸೆಟ್‌ಹುಕ್ ಅಂತ ಒಂದು ಫಂಕ್ಷನ್ ಇದೆ. ಅದಕ್ಕೆ ನಿಮ್ಮ ಫಂಕ್ಷನ್ ಕೊಟ್ಟು, ಅದನ್ನೇ ಹುಕ್ ಅನ್ನೋದು, ಲೈನ್ ಇವೆಂಟ್ ಬೇಕು ಅಂದ್ರೆ, ಲುವಾ ಪ್ರತಿ ಹೊಸ ಸಾಲು ಶುರು ಮಾಡೋಕೆ ಮುಂಚೆ ನಿಮ್ಮನ್ನ ಕರೆದು ಸಾಲಿನ ನಂಬರ್ ಕೊಡುತ್ತೆ. ಬ್ರೇಕ್‌ಪಾಯಿಂಟ್ ಅಂದ್ರೆ ಇಷ್ಟೇ, ಆ ನಂಬರ್ ನಮ್ಮ ಪಟ್ಟಿಯಲ್ಲಿದ್ಯಾ, ಫೈಲೂ ಅದೇನಾ, ಹೌದಾದ್ರೆ ಹುಕ್ ಒಳಗೇ ಕೂತ್ಕೊಂಡು ಬಳಕೆದಾರ ಮುಂದಕ್ಕೆ ಹೋಗು ಅನ್ನೋ ತನಕ ವಾಪಸ್ ಹೋಗದೇ ಇರೋದು. ಹುಕ್ ವಾಪಸ್ ಬಂದಿಲ್ಲ ಅಂದ್ರೆ ಸ್ಕ್ರಿಪ್ಟ್ ಮುಂದಕ್ಕೆ ಹೋಗಲ್ಲ.

ವೇರಿಯಬಲ್ ಓದೋಕೆ ಗೆಟ್‌ಲೋಕಲ್ ಇದೆ. ಹುಕ್ ಒಳಗಿಂದ ನೋಡಿದ್ರೆ ಲೆವೆಲ್ 2 ಅಂದ್ರೆ ಸ್ಕ್ರಿಪ್ಟಲ್ಲಿ ಈಗ ಓಡ್ತಿರೋ ಫಂಕ್ಷನ್. ಲೆವೆಲ್ 2, ಒಂದನೇ ಲೋಕಲ್ ಕೊಡು ಅಂದ್ರೆ ಹೆಸರು, ಬೆಲೆ ಎರಡೂ ಕೊಡುತ್ತೆ, ಹಾಗೇ ಎರಡನೇದು, ಮೂರನೇದು, ಹೆಸರು ಬರೋದು ನಿಲ್ಲೋ ತನಕ. ಇಲ್ಲಿ ಒಂದು ಎಚ್ಚರ. ಹುಕ್ ಒಳಗೆ ನೀವು ಇನ್ನೊಂದು ಸಹಾಯಕ ಫಂಕ್ಷನ್ ಕರೆದು ಅಲ್ಲಿಂದ ಓದಿದ್ರೆ ಲೆವೆಲ್ ಒಂದು ಹೆಚ್ಚಾಗುತ್ತೆ, ಮರೆತ್ರೆ ಡಿಬಗ್ಗರ್‌ನ ಸ್ವಂತ ವೇರಿಯಬಲ್‌ಗಳನ್ನೇ ತೋರಿಸ್ತಾ ಕೂರ್ತೀರ. ಹುಕ್ ಶುರುವಾದ ತಕ್ಷಣ ಎಲ್ಲಾ ಲೋಕಲ್ ಓದಿ ಒಂದು ಕಡೆ ಬರೆದಿಟ್ಕೊಂಡ್ಬಿಡಿ, ಆಮೇಲೆ ಲೆವೆಲ್ ಲೆಕ್ಕದ ಗೋಜೇ ಇರಲ್ಲ.

ಎಕ್ಸ್‌ಪ್ರೆಶನ್ ಓಡಿಸೋದು ಹೇಗೆ? ಬಳಕೆದಾರ ಬರೆದ ಪಠ್ಯದ ಮುಂದೆ ರಿಟರ್ನ್ ಅಂತ ಸೇರಿಸಿ ಲೋಡ್ ಫಂಕ್ಷನ್‌ಗೆ ಕೊಡೋದು. ಲುವಾ 5.2ರಿಂದ ಈಚೆಗೆ ಲೋಡ್‌ನ ನಾಲ್ಕನೇ ಆರ್ಗ್ಯುಮೆಂಟ್ ಎನ್ವಿರಾನ್‌ಮೆಂಟ್, ಅಂದ್ರೆ ಈ ಕೋಡಲ್ಲಿ ಬರೋ ಹೆಸರುಗಳನ್ನ ಯಾವ ಟೇಬಲ್‌ನಲ್ಲಿ ಹುಡುಕಬೇಕು ಅಂತ. 5.1ರಲ್ಲಾದ್ರೆ ಲೋಡ್‌ಸ್ಟ್ರಿಂಗ್ ಮಾಡಿ ಸೆಟ್‌ಎಫ್‌ಎನ್‌ವಿ. ನಾನು ಮೊದಲು ಬರೆದಿದ್ದು ಹೀಗೆ: ಒಂದು ಖಾಲಿ ಟೇಬಲ್, ಅದರೊಳಗೆ ಎಲ್ಲಾ ಲೋಕಲ್‌ಗಳನ್ನ ಹೆಸರು, ಬೆಲೆ ತುಂಬೋದು, ಅಲ್ಲಿ ಸಿಗದಿದ್ರೆ ಗ್ಲೋಬಲ್ ಟೇಬಲ್‌ಗೆ, ಅಂದ್ರೆ ಎಲ್ಲಾ ಕಡೆ ಕಾಣೋ ಹೆಸರುಗಳ ಪಟ್ಟಿಗೆ, ಹೋಗು ಅಂತ ಇಂಡೆಕ್ಸ್ ಮೆಟಾಮೆಥಡ್, ಅಂದ್ರೆ ಟೇಬಲ್‌ನಲ್ಲಿ ಕೀ ಸಿಗದಾಗ ಏನು ಮಾಡಬೇಕು ಅನ್ನೋ ನಿಯಮ, ಹಾಕೋದು. ಹತ್ತು ಹನ್ನೆರಡು ಸಾಲು, ನೋಡೋಕೂ ಚೆನ್ನಾಗಿತ್ತು.

ಸುಳ್ಳು ಹುಟ್ಟಿದ್ದು ಇಲ್ಲೇ. ಲುವಾದಲ್ಲಿ ಟೇಬಲ್ ಒಳಗೆ ನಿಲ್ ಇಡೋಕಾಗಲ್ಲ, ಇಟ್ರೆ ಆ ಕೀ ಇಲ್ಲ ಅಂತಲೇ ಅರ್ಥ. ಸ್ಕ್ರಿಪ್ಟಲ್ಲಿ ಲೋಕಲ್ ರೇಟ್ ಇದೆ, ಅದರ ಬೆಲೆ ನಿಲ್. ನಾನು ಅದನ್ನ ಟೇಬಲ್‌ಗೆ ಹಾಕಿದೆ, ಹಾಕಿದ ಹಾಗೇ ಮಾಯ ಆಯ್ತು. ವಾಚ್ ಬಂದು ರೇಟ್ ಎಲ್ಲಿ ಅಂತ ಕೇಳ್ತು, ಟೇಬಲ್‌ನಲ್ಲಿ ಇಲ್ಲ, ಸರಿ ಗ್ಲೋಬಲ್‌ಗೆ ಹೋಗು. ಅಲ್ಲಿ ಇನ್ಯಾವುದೋ ಸ್ಕ್ರಿಪ್ಟಲ್ಲಿ ಯಾರೋ ಲೋಕಲ್ ಅಂತ ಬರೆಯೋದು ಮರೆತು ಬಿಟ್ಟಿದ್ದ ರೇಟ್ ಅನ್ನೋ ಗ್ಲೋಬಲ್ ಕೂತಿತ್ತು, 32.5. ಕಂಡೀಶನ್ ಕೂಡ ಇದೇ ದಾರಿಯಲ್ಲಿ ಹೋಗಿ ರೇಟ್ == ನಿಲ್ ಸುಳ್ಳು ಅಂತ ತೀರ್ಮಾನ ಮಾಡಿ ನಿಲ್ಲದೇ ಮುಂದಕ್ಕೆ ಹೋಗ್ತಿತ್ತು. ಯೋಚ್ನೆ ಮಾಡಿ, ಜನ ಡಿಬಗ್ಗರ್ ತೆಗೆಯೋದೇ ಬಹುಪಾಲು ಸಲ ಏನೋ ಒಂದು ನಿಲ್ ಆಗಿದೆ ಅಂತ, ಅದೇ ಸಂದರ್ಭದಲ್ಲೇ ನಮ್ಮದು ತಪ್ಪು ಹೇಳ್ತಿತ್ತು.

ಸರಿ ಮಾಡಿದ್ದು ಹೀಗೆ. ಪ್ರತಿ ಲೋಕಲ್‌ಗೂ ಬೆಲೆ ನೇರವಾಗಿ ಇಡೋ ಬದಲು ಒಂದು ಪುಟ್ಟ ಡಬ್ಬಿ ಇಟ್ವಿ, ಡಬ್ಬಿ ಒಳಗೆ ಬೆಲೆ. ಬೆಲೆ ನಿಲ್ ಆದ್ರೂ ಡಬ್ಬಿ ಇರುತ್ತೆ. ಹೆಸರು ಹುಡುಕುವಾಗ ಡಬ್ಬಿ ಇದ್ಯಾ ನೋಡು, ಇದ್ರೆ ಒಳಗಿರೋದನ್ನ ಕೊಡು, ಖಾಲಿ ಆಗಿದ್ರೂ ಅದನ್ನೇ ಕೊಡು, ಡಬ್ಬಿಯೇ ಇಲ್ಲ ಅಂದ್ರೆ ಮಾತ್ರ ಮುಂದಿನ ಕಡೆ ಹೋಗು. ಒಂದೇ ಹೆಸರಿನ ಲೋಕಲ್ ಎರಡು ಸಲ ಬಂದಿದ್ರೆ, ಒಳಗಿನ ಬ್ಲಾಕಲ್ಲಿ ಮತ್ತೆ ಲೋಕಲ್ ರೇಟ್ ಅಂತ ಬರೆದಿರ್ತಾರಲ್ಲ, ನಂಬರ್ ಕ್ರಮದಲ್ಲಿ ಕೊನೆಗೆ ಸಿಗೋದೇ ಗೆಲ್ಲಬೇಕು. ಬ್ರಾಕೆಟ್‌ನಿಂದ ಶುರುವಾಗೋ ಹೆಸರುಗಳು ಬರ್ತವೆ, ಫಾರ್ ಲೂಪಿನ ಒಳಲೆಕ್ಕ, ಟೆಂಪರರಿ, ಅಂಥವನ್ನ ಬಿಟ್ಬಿಡಿ.

ಇದರ ಜೊತೆ ಇನ್ನೊಂದು ಮಾಡಿದ್ವಿ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂದಿದ್ದು ಇದೇ. ವಾಚ್‌ನಲ್ಲಿ ಬೆಲೆ ಪಕ್ಕ ಅದು ಎಲ್ಲಿಂದ ಬಂತು ಅಂತಲೂ ತೋರಿಸೋದು. ಲೋಕಲ್, ಅಪ್‌ವ್ಯಾಲ್ಯೂ, ಗ್ಲೋಬಲ್, ಎಲ್ಲೂ ಇಲ್ಲ. ಅಪ್‌ವ್ಯಾಲ್ಯೂ ಅಂದ್ರೆ ಏನು ಅಂತ ಮುಂದೆ ಹೇಳ್ತೀನಿ. ಲುವಾದಲ್ಲಿ ಹೆಸರು ತಪ್ಪು ಟೈಪ್ ಮಾಡಿದ್ರೂ ನಿಲ್, ಬೆಲೆ ನಿಜವಾಗ್ಲೂ ನಿಲ್ ಆದ್ರೂ ನಿಲ್, ಎರಡೂ ಒಂದೇ ಥರ ಕಾಣುತ್ತೆ. ನಿಲ್, ಲೋಕಲ್ ಅಂತ ಬಂದ್ರೆ ಒಂದು ಕಥೆ, ನಿಲ್, ಎಲ್ಲೂ ಇಲ್ಲ ಅಂತ ಬಂದ್ರೆ ಬೇರೆ ಕಥೆ. ಈ ಒಂದು ಪದ ಪಕ್ಕದಲ್ಲಿದ್ದಿದ್ರೆ ಆ ಹುಡುಗ ನನ್ನ ಹತ್ರ ಬರೋ ಅಗತ್ಯನೇ ಇರ್ತಿರಲಿಲ್ಲ, 32.5 ಗ್ಲೋಬಲ್ ಅಂತ ನೋಡಿದ ತಕ್ಷಣ ಅವನೇ ಹಿಡೀತಿದ್ದ.

ಇದೇ ಗುರುತು ಇನ್ನೊಂದು ಗೊಂದಲಾನೂ ಬಿಡಿಸ್ತು. ಬ್ರೇಕ್‌ಪಾಯಿಂಟನ್ನ 22ನೇ ಸಾಲಿಗೆ ಹಾಕಿದ್ರೆ, ಅಂದ್ರೆ ಲೋಕಲ್ ರೇಟ್ ಅಂತ ಬರೆದಿರೋ ಸಾಲಿಗೇ, ಅಲ್ಲಿ ನಿಂತಾಗ ಆ ಲೋಕಲ್ ಇನ್ನೂ ಹುಟ್ಟಿಲ್ಲ, ಹುಕ್ ಕರೆಯೋದು ಸಾಲು ಓಡೋಕೆ ಮುಂಚೆ. ಆಗ ರೇಟ್ 32.5, ಗ್ಲೋಬಲ್ ಅಂತ ತೋರಿಸೋದು ಸರಿಯೇ, ಸುಳ್ಳಲ್ಲ. ಒಂದು ಹೆಜ್ಜೆ ಮುಂದೆ ಹೋಗಿ 23ಕ್ಕೆ ಬಂದ್ರೆ ಲೋಕಲ್ ಅಂತ ಬದಲಾಗುತ್ತೆ. ಸಾಲಿನ ಮೇಲೆ ನಿಂತಿದೀನಿ ಅಂದ್ರೆ ಆ ಸಾಲು ಆಗೋಗಿದೆ ಅಂತ ಎಷ್ಟೋ ಜನ ಅಂದ್ಕೊಳ್ತಾರೆ, ನಿಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿರೋರು ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಯಾವ ಭಾಷೆ ಡಿಬಗ್ಗರ್ ಆದ್ರೂ ಸಾಲಿನ ಮೇಲೆ ನಿಂತಿರೋದು ಅಂದ್ರೆ ಆ ಸಾಲು ಇನ್ನೂ ಆಗ್ಬೇಕು ಅಂತ.

ಅಪ್‌ವ್ಯಾಲ್ಯೂ ಬಗ್ಗೆ ಸ್ವಲ್ಪ. ಹೊರಗಿನ ಫಂಕ್ಷನ್‌ನ ಲೋಕಲ್ ಅನ್ನ ಒಳಗಿನ ಫಂಕ್ಷನ್ ಬಳಸಿದ್ರೆ ಅದು ಅಪ್‌ವ್ಯಾಲ್ಯೂ, ಗೆಟ್‌ಅಪ್‌ವ್ಯಾಲ್ಯೂ ಅಂತ ಕರೆದು ಓದಬಹುದು. ಆದ್ರೆ ಒಳಗಿನ ಫಂಕ್ಷನ್ ತನ್ನ ಕೋಡಲ್ಲಿ ಬಳಸಿರೋ ಹೆಸರುಗಳನ್ನ ಮಾತ್ರ ಲುವಾ ಹಿಡಿದಿಟ್ಕೊಳ್ಳುತ್ತೆ. ಕಣ್ಣಿಗೆ ಎರಡು ಸಾಲು ಮೇಲೆ ಚಾರ್ಟ್ ಕಾಣ್ತಿದೆ, ಒಳಗಿನ ಫಂಕ್ಷನ್ ಅದನ್ನ ಮುಟ್ಟಿಲ್ಲ, ಹಾಗಾದ್ರೆ ಅಲ್ಲಿ ನಿಂತು ವಾಚ್‌ನಲ್ಲಿ ಚಾರ್ಟ್ ಅಂತ ಕೇಳಿದ್ರೆ ಸಿಗಲ್ಲ. ಪೈಥಾನ್‌ನಲ್ಲೂ ಇದೇ ಕಥೆ, ಅದರ ಡಿಬಗ್ಗರ್ ಪಿಡಿಬಿಯಲ್ಲಿ ಕೇಳಿದ್ರೆ ನೇಮ್ ಎರರ್ ಬರುತ್ತೆ. ಸ್ಟ್ಯಾಕ್, ಅಂದ್ರೆ ಒಂದನ್ನೊಂದು ಕರೆದಿರೋ ಫಂಕ್ಷನ್‌ಗಳ ಸರಪಳಿ, ಅದರ ಮೇಲಕ್ಕೆ ಹೋಗಿ ಹೊರಗಿನ ಫಂಕ್ಷನ್ ಅಲ್ಲೇ ಇದ್ರೆ ಅದರಿಂದ ಓದೋಣ ಅಂತ ಟೀಮಲ್ಲಿ ಒಂದು ಸಲಹೆ ಬಂತು. ನಾನು ಬೇಡ ಅಂದೆ. ಅದೇ ಹೊರಗಿನ ಫಂಕ್ಷನ್ ರಿಕರ್ಶನ್‌ನಲ್ಲಿ, ಅಂದ್ರೆ ತನ್ನನ್ನೇ ತಾನು ಕರೆದು, ನಾಲ್ಕು ಸಲ ಸ್ಟ್ಯಾಕ್‌ನಲ್ಲಿದ್ರೆ ಯಾವುದರ ಚಾರ್ಟ್ ತೋರಿಸ್ತೀರ? ಊಹೆ ಮಾಡಿ ಒಂದು ಬೆಲೆ ತೋರಿಸೋದಕ್ಕಿಂತ ಎಲ್ಲೂ ಇಲ್ಲ ಅಂತ ಹೇಳೋದು ಎಷ್ಟೋ ವಾಸಿ. ಗ್ಲೋಬಲ್ ಹುಡುಕುವಾಗಲೂ ಅಷ್ಟೇ, ನಮ್ಮ ಡಿಬಗ್ಗರ್‌ನ ಗ್ಲೋಬಲ್ ಟೇಬಲ್ ಅಲ್ಲ, ಆ ಫಂಕ್ಷನ್‌ನ ಎನ್ವಿರಾನ್‌ಮೆಂಟ್ ನೋಡಬೇಕು. 5.2ರಿಂದ ಅದೂ ಒಂದು ಅಪ್‌ವ್ಯಾಲ್ಯೂ ಆಗೇ ಇರುತ್ತೆ, ಸ್ಯಾಂಡ್‌ಬಾಕ್ಸ್, ಅಂದ್ರೆ ಬೇಲಿ ಹಾಕಿದ ಜಾಗದ ಒಳಗೆ ಓಡೋ ಸ್ಕ್ರಿಪ್ಟ್‌ಗೆ ಅದು ಬೇರೆಯೇ ಟೇಬಲ್ ಆಗಿರುತ್ತೆ.

ಈಗ ಡಬ್ಬಿ ಹಾಕಿದ ಮೇಲೆ ಏನಾಯ್ತು ಹೇಳ್ತೀನಿ. ಅದೇ ಕಂಡೀಶನ್ ಇಟ್ಟು ಓಡಿಸಿದ್ವಿ, ಈ ಸಲ 23ರಲ್ಲಿ ನಿಂತ್ಕೊಳ್ತು. ಫ್ಯಾಟ್ 4.35. ಕೀ 435.0. ರೇಟ್ ನಿಲ್, ಲೋಕಲ್. ಸರಿ, ಚಾರ್ಟ್‌ನಲ್ಲಿ 435 ಇಲ್ವೇನೋ ಅಂತ ವಾಚ್‌ನಲ್ಲಿ ಚಾರ್ಟ್[435] ಅಂತ ಬರೆದ್ರೆ ದರ ಬರ್ತಿದೆ. 435.0 ಫ್ಲೋಟ್, ಅಂದ್ರೆ ದಶಮಾಂಶ ಸಂಖ್ಯೆ ಅಲ್ವಾ, ಅದಕ್ಕಿರಬಹುದಾ ಅಂದ್ರೆ ಅದೂ ಅಲ್ಲ, 5.3ರಿಂದ ಲುವಾ ಟೇಬಲ್ ಕೀ ಆಗಿ 435.0 ಕೊಟ್ರೂ 435 ಅಂತಲೇ ತಗೊಳ್ಳುತ್ತೆ. ವಾಚ್‌ನಲ್ಲಿ ಚಾರ್ಟ್[ಕೀ] ನಿಲ್, ಚಾರ್ಟ್[435.0] ಗೆ ದರ ಇದೆ, ಕೀ 435.0. ಮೂರೂ ಒಂದರ ಕೆಳಗೊಂದು ಕಾಣ್ತಿವೆ, ಮೂರೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲ.

ಇದು ನಮ್ಮ ಎರಡನೇ ಸುಳ್ಳು. 4.35 ಅನ್ನೋ ಸಂಖ್ಯೆಯನ್ನ ಕಂಪ್ಯೂಟರ್ ಬೈನರಿಯಲ್ಲಿ ಪೂರ್ತಿ ಸರಿಯಾಗಿ ಹಿಡಿಯೋಕಾಗಲ್ಲ, ಅದನ್ನ 100ರಿಂದ ಗುಣಿಸಿದ್ರೆ ಬರೋದು 434.99999999999994. ಲುವಾ 5.4ರ ತನಕ ಸಂಖ್ಯೆಯನ್ನ ಪಠ್ಯ ಮಾಡುವಾಗ 14 ಅಂಕಿಗೆ ದುಂಡಗೆ ಮಾಡಿ ಕೊಡುತ್ತೆ, ಆಗ ಅದು 435.0 ಅಂತ ಕಾಣುತ್ತೆ. ಸಾಮಾನ್ಯ ಪ್ರಿಂಟ್‌ಗೆ ಅದು ಒಳ್ಳೇದೇ, ಗಿರಾಕಿಗೆ ಕೊಡೋ ಚೀಟಿಯಲ್ಲಿ 434.99999999999994 ಅಂತ ಬರಬಾರದು. ಆದ್ರೆ ಡಿಬಗ್ಗರ್ ಅದೇ ದುಂಡಗಿನ ಸಂಖ್ಯೆ ತೋರಿಸಿದ್ರೆ ಬಗ್ ಅಲ್ಲೇ ಇದ್ರೂ ನಮಗೆ ಕಾಣಲ್ಲ. ವಾಚ್ ತೋರಿಸೋ ಫಂಕ್ಷನ್‌ನಲ್ಲಿ ಫ್ಲೋಟ್‌ಗೆ 17 ಅಂಕಿಯ ಫಾರ್ಮ್ಯಾಟ್ ಹಾಕಿದ್ವಿ, ಎರಡು ಬೇರೆ ಬೇರೆ ಫ್ಲೋಟ್ ಬೆಲೆಗಳು 17 ಅಂಕಿಯಲ್ಲಿ ಯಾವತ್ತೂ ಒಂದೇ ಥರ ಕಾಣಲ್ಲ. ಹಾಕಿ ಮತ್ತೆ ನಿಲ್ಲಿಸಿದ ತಕ್ಷಣ ಕೀ ಪಕ್ಕ ಆ ಒಂಬತ್ತುಗಳ ಸಾಲು ಬಂತು ನೋಡಿ, ಕೋಣೆಯಲ್ಲಿದ್ದ ಎಲ್ಲರಿಗೂ ಒಂದೇ ಸಲ ಅರ್ಥ ಆಯ್ತು. 21ನೇ ಸಾಲಲ್ಲಿ 0.5 ಕೂಡಿಸಿ ಮ್ಯಾಥ್.ಫ್ಲೋರ್ ಮಾಡಿದ್ವಿ, ಅಂದ್ರೆ ಹತ್ತಿರದ ಪೂರ್ಣ ಸಂಖ್ಯೆಗೆ ತಂದ್ವಿ, ಮುಗೀತು. ಫ್ಯಾಟ್ 4.35 ಬಂದ ದಿನ ಯಾಕೆ ಬೀಳ್ತಿತ್ತು, 4.5 ಬಂದ ದಿನ ಯಾಕೆ ಬೀಳ್ತಿರಲಿಲ್ಲ ಅನ್ನೋದೂ ಅಲ್ಲೇ ಗೊತ್ತಾಯ್ತು.

ಕಂಡೀಶನ್ ಬರೆಯೋರಿಗೂ ಇದರಲ್ಲಿ ಕೆಲಸದ ಮಾತಿದೆ. ಲೀಟರ್ == 3.3 ಅಂತ ಕಂಡೀಶನ್ ಹಾಕಿ ಕಾಯ್ತಾ ಕೂರಬೇಡಿ, 1.1 ಲೀಟರ್‌ಗೆ 2.2 ಲೀಟರ್ ಕೂಡಿಸಿದ್ರೆ ಬರೋದು 3.3000000000000003, ನಿಲ್ಲಲ್ಲ. 3.29ಕ್ಕಿಂತ ಜಾಸ್ತಿ, 3.31ಕ್ಕಿಂತ ಕಮ್ಮಿ ಅಂತ ಬರೀರಿ.

ಮೂರನೇ ವಿಷಯ, ನೋಡೋದ್ರಿಂದಲೇ ಬದಲಾಗೋದು. ನಮ್ಮ ಸ್ಕ್ರಿಪ್ಟಲ್ಲಿ ರೈತರ ಖಾತೆ ಅಂತ ಒಂದು ಟೇಬಲ್ ಇತ್ತು, ಅದು ಖಾಲಿಯಾಗೇ ಶುರುವಾಗುತ್ತೆ, ಯಾವ ಖಾತೆ ಕೇಳ್ತೀರೋ ಆಗ ಇಂಡೆಕ್ಸ್ ಮೆಟಾಮೆಥಡ್ ಡೇಟಾಬೇಸ್‌ಗೆ ಹೋಗಿ ತಂದು ಒಳಗೆ ಇಡುತ್ತೆ. ಒಂದು ಕಡೆ ಖಾತೆ ತರೋಕೆ ಮುಂಚೇನೇ ನೇರವಾಗಿ ರಾಗೆಟ್ ಮಾಡಿ, ಅಂದ್ರೆ ಮೆಟಾಮೆಥಡ್ ಕರೆಯದೇ, ಓದಿದ್ರಿಂದ ಲೆಕ್ಕ ತಪ್ಪಾಗ್ತಿತ್ತು. ವಾಚ್‌ನಲ್ಲಿ ಆ ಖಾತೆ ಹಾಕ್ಕೊಂಡು ಓಡಿಸಿದ್ರೆ ಲೆಕ್ಕ ಸರಿ, ವಾಚ್ ತೆಗೆದ್ರೆ ತಪ್ಪು. ಯಾಕಂದ್ರೆ ವಾಚೇ ಹೋಗಿ ಖಾತೆ ತಂದಿಟ್ಟು ಬರ್ತಿತ್ತು. ಇಂಥದಕ್ಕೆ ಹೈಸನ್‌ಬಗ್ ಅಂತ ಹೆಸರೇ ಇದೆ, ನೋಡೋಕೆ ಹೋದ್ರೆ ಮರೆಯಾಗೋ ಬಗ್.

ಇದನ್ನ ಪೂರ್ತಿ ತಡೆಯೋದು ಡಿಬಗ್ಗರ್ ಒಂದರಿಂದಲೇ ಆಗಲ್ಲ, ಎಂಜಿನ್ ಒಳಗಿಂದಲೇ ಸಹಾಯ ಬೇಕು. ಕ್ರೋಮ್‌ನ ವಿ8 ಎಂಜಿನ್‌ಗೆ ಎಕ್ಸ್‌ಪ್ರೆಶನ್ ಓಡಿಸು, ಏನಾದ್ರೂ ಬದಲಾಯಿಸೋಕೆ ಹೋದ್ರೆ ಅಲ್ಲೇ ಎರರ್ ಕೊಡು ಅಂತ ಹೇಳೋಕೆ ಆಪ್ಶನ್ ಇದೆ, ಕನ್ಸೋಲ್‌ನಲ್ಲಿ ನೀವು ಟೈಪ್ ಮಾಡ್ತಾ ಇರುವಾಗಲೇ ಉತ್ತರ ಮಸುಕಾಗಿ ಕಾಣುತ್ತಲ್ಲ, ಅದು ಈ ಧೈರ್ಯದಿಂದ. ಲುವಾದಲ್ಲಿ ಅಂಥದ್ದಿಲ್ಲ. ನಮ್ಮ ಕೈಲಾದಷ್ಟು ಮಾಡಿದ್ವಿ. ವಾಚ್‌ನ ಎನ್ವಿರಾನ್‌ಮೆಂಟ್‌ಗೆ ಬರೆಯೋಕೆ ಹೋದ್ರೆ ಎರರ್. ಟೇಬಲ್ ಬಿಡಿಸಿ ತೋರಿಸುವಾಗ ನಾವು ಯಾವ ಮೆಟಾಮೆಥಡ್ಡನ್ನೂ ಕರೆಯಲ್ಲ, ಟೋಸ್ಟ್ರಿಂಗ್ ಕೂಡ ಕರೆಯಲ್ಲ, ಕಚ್ಚಾ ಇರೋದನ್ನ ಇದ್ದ ಹಾಗೆ ತೋರಿಸ್ತೀವಿ. ಬಳಕೆದಾರ ತಾನೇ ಎಕ್ಸ್‌ಪ್ರೆಶನ್‌ನಲ್ಲಿ ಫಂಕ್ಷನ್ ಕರೆದ್ರೆ ಅದು ಅವನ ಇಷ್ಟ, ಆದ್ರೆ ಆ ವಾಚ್ ಪಕ್ಕ ಒಂದು ಗುರುತು ಬರುತ್ತೆ, ಇದು ಕೋಡ್ ಓಡಿಸುತ್ತೆ ಅಂತ.

ವಾಚ್ ಒಳಗೆ ಬರೆದ ಫಂಕ್ಷನ್ ಮುಗಿಯದೇ ತಿರುಗ್ತಾನೇ ಇದ್ರೆ? ಇದೂ ಆಯ್ತು ನಮಗೆ. ಹುಕ್ ಓಡ್ತಿರುವಾಗ ಲುವಾ ಬೇರೆ ಹುಕ್‌ಗಳನ್ನ ಕರೆಯಲ್ಲ, ಅದು ಒಳ್ಳೇದೇ, ಇಲ್ಲಾಂದ್ರೆ ವಾಚ್ ಓಡಿಸುವಾಗಲೂ ಬ್ರೇಕ್‌ಪಾಯಿಂಟ್ ಹೊಡೆದು ಗೋಜಲಾಗ್ತಿತ್ತು. ಆದ್ರೆ ಅದೇ ಕಾರಣಕ್ಕೆ ಎಣಿಕೆ ಹುಕ್ ಇಟ್ಟು ತಡೆಯೋಕೂ ಆಗಲ್ಲ. ದಾರಿ ಏನಂದ್ರೆ ವಾಚ್ ಅನ್ನ ಹೊಸ ಕೊರೂಟೀನ್ ಒಳಗೆ, ಅಂದ್ರೆ ನಡುವೆ ನಿಲ್ಲಿಸಿ ಮುಂದುವರಿಸಬಹುದಾದ ಬೇರೆಯೇ ಓಟದ ಒಳಗೆ, ಓಡಿಸೋದು, ಲುವಾದಲ್ಲಿ ಹುಕ್ ಕೊರೂಟೀನ್‌ಗೊಂದು ಬೇರೆ. ಆ ಕೊರೂಟೀನ್‌ಗೆ ಒಂದು ಲಕ್ಷ ಇನ್‌ಸ್ಟ್ರಕ್ಷನ್ ಆದ್ಮೇಲೆ ನನ್ನನ್ನ ಕರಿ ಅಂತ ಹುಕ್ ಹಾಕಿ, ಕರೆದಾಗ ಎರರ್ ಎಸೆದುಬಿಟ್ರೆ ಆ ಕೊರೂಟೀನ್ ಸಾಯುತ್ತೆ, ಸ್ಕ್ರಿಪ್ಟ್ ಹಾಗೇ ನಿಂತಿರುತ್ತೆ, ವಾಚ್‌ನಲ್ಲಿ ಸಮಯ ಮೀರಿತು ಅಂತ ಬರುತ್ತೆ. ಸಿಯಲ್ಲಿ ಬರೆದ ಫಂಕ್ಷನ್ ಒಳಗೆ ಸಿಕ್ಕಾಕ್ಕೊಂಡ್ರೆ ಮಾತ್ರ ಇದು ಕೆಲಸ ಮಾಡಲ್ಲ.

ಕೊರೂಟೀನ್ ಮಾತು ಬಂತಲ್ಲ, ಹುಕ್ ಒಂದೊಂದಕ್ಕೂ ಬೇರೆ ಅನ್ನೋದರ ಇನ್ನೊಂದು ಮುಖ ಇದೆ. ಸ್ಕ್ರಿಪ್ಟ್ ತಾನೇ ಕೊರೂಟೀನ್ ಹುಟ್ಟಿಸಿದ್ರೆ ಅದರೊಳಗೆ ನಿಮ್ಮ ಬ್ರೇಕ್‌ಪಾಯಿಂಟ್ ಹೊಡೆಯಲ್ಲ. ಕೊರೂಟೀನ್ ಹುಟ್ಟಿಸೋ ಫಂಕ್ಷನ್‌ಗಳಿಗೆ ಮೇಲೊಂದು ಹೊದಿಕೆ ಹಾಕಿ, ಹುಟ್ಟಿದ ತಕ್ಷಣ ಸೆಟ್‌ಹುಕ್ ಮಾಡಿ. ಲುವಾಜಿಟ್ ಅನ್ನೋ ವೇಗದ ಲುವಾ ಬಳಸೋರಿಗೆ ಕಥೆ ಬೇರೆ, ಜಿಟ್ ಕಂಪೈಲ್ ಆದ, ಅಂದ್ರೆ ಓಡುವಾಗಲೇ ಯಂತ್ರಭಾಷೆಗೆ ಬದಲಾದ ಕೋಡ್ ಹುಕ್ ಕರೆಯೋದೇ ಇಲ್ಲ, ಡಿಬಗ್ ಮಾಡುವಾಗ ಜಿಟ್ ಆಫ್ ಮಾಡ್ಕೊಳ್ಳಿ.

ಇನ್ನು ಕಂಡೀಶನ್‌ಗೇ ಬರೋಣ. ವಾಚ್ ನಿಂತಾಗ ಮಾತ್ರ ಓಡುತ್ತೆ, ನಿಧಾನ ಆದ್ರೂ ನಡೆಯುತ್ತೆ. ಕಂಡೀಶನ್ ಹಾಗಲ್ಲ, ಆ ಸಾಲಿಗೆ ಬಂದಾಗೆಲ್ಲ ಓಡುತ್ತೆ, ಲೂಪ್ ಒಳಗಿದ್ರೆ ಲಕ್ಷ ಸಲ. ನನ್ನ ಮೊದಲ ಕೋಡ್ ಪ್ರತಿ ಸಲವೂ ಪಠ್ಯವನ್ನ ಲೋಡ್ ಮಾಡಿ ಕಂಪೈಲ್ ಮಾಡ್ತಿತ್ತು, ತಿಂಗಳ ಬಿಲ್ ಓಡಿಸೋಕೆ ಬಿಟ್ಟು ಊಟ ಮಾಡಿ ಬಂದ್ರೂ ಮುಗಿದಿರ್ತಿರಲಿಲ್ಲ. ಬ್ರೇಕ್‌ಪಾಯಿಂಟ್ ಹಾಕುವಾಗಲೇ ಒಂದು ಸಲ ಕಂಪೈಲ್ ಮಾಡಿ ಇಟ್ಕೊಳ್ಳಿ. ಅದಕ್ಕೆ ಕೊಡೋ ಎನ್ವಿರಾನ್‌ಮೆಂಟ್ ಒಂದೇ ಟೇಬಲ್ ಇರಲಿ, ಅದು ಈಗಿನ ಡಬ್ಬಿಗಳ ಗುಂಪು ಯಾವುದು ಅಂತ ಒಂದು ವೇರಿಯಬಲ್ ನೋಡಿ ಉತ್ತರ ಕೊಡಲಿ, ಪ್ರತಿ ಸಲ ಬದಲಾಗೋದು ಆ ಗುಂಪು ಮಾತ್ರ. ಹುಕ್ ಒಳಗೆ ಮೊದಲು ಸಾಲಿನ ನಂಬರ್ ಅಷ್ಟೇ ನೋಡಿ, ನಮ್ಮ ಪಟ್ಟಿಯಲ್ಲಿಲ್ಲ ಅಂದ್ರೆ ಅಲ್ಲಿಂದಲೇ ವಾಪಸ್. ಫೈಲ್ ಹೆಸರು ಕೇಳೋ ಗೆಟ್‌ಇನ್ಫೋ ದುಬಾರಿ, ನಂಬರ್ ಹೊಂದಿದ ಮೇಲೆ ಮಾತ್ರ ಕೇಳಿ. ಪೈಥಾನ್‌ನವರು ಇದೇ ಕಷ್ಟಕ್ಕೆ 3.12ರಲ್ಲಿ ಸಿಸ್.ಮಾನಿಟರಿಂಗ್ ಅಂತ ತಂದ್ರು, ಬೇಡದ ಜಾಗಕ್ಕೆ ಇನ್ನು ಕರೀಬೇಡ ಅಂತ ಅಲ್ಲೇ ಹೇಳಿಬಿಡಬಹುದು. ಲುವಾದಲ್ಲಿ ಆ ಸೌಕರ್ಯ ಇಲ್ಲ.

ಮೊದಲೇ ಕಂಪೈಲ್ ಮಾಡೋದರ ಇನ್ನೊಂದು ಲಾಭ, ತಪ್ಪು ಆಗಲೇ ಸಿಗುತ್ತೆ. ರೇಟ್ == ನಿಲ್ ಬದಲು ಒಂದೇ ಸಮ ಚಿಹ್ನೆ ಹಾಕಿದ್ರೆ ಲುವಾದಲ್ಲಿ ರಿಟರ್ನ್ ಮುಂದೆ ಅದು ವ್ಯಾಕರಣ ತಪ್ಪು, ಕಂಪೈಲೇ ಆಗಲ್ಲ. ಜಾವಾಸ್ಕ್ರಿಪ್ಟಲ್ಲಿ ಅದೇ ತಪ್ಪು ಮಾಡಿದ್ರೆ ಕಂಡೀಶನ್ ನಿಮ್ಮ ವೇರಿಯಬಲ್‌ನ ಬೆಲೆಯನ್ನೇ ಬದಲಾಯಿಸಿ ಹೋಗುತ್ತೆ, ಜೋಪಾನ. ವಿಎಸ್ ಕೋಡ್ ಮಾತಾಡೋ ಡಿಬಗ್ ಅಡಾಪ್ಟರ್ ಪ್ರೋಟೋಕಾಲ್‌ನಲ್ಲಿ ಬ್ರೇಕ್‌ಪಾಯಿಂಟ್‌ಗೆ ಉತ್ತರ ಕೊಡುವಾಗ ವೆರಿಫೈಡ್ ಅಂತ ಒಂದು ಫೀಲ್ಡ್ ಇದೆ, ಕಂಪೈಲ್ ಆಗದಿದ್ರೆ ಅದನ್ನ ಸುಳ್ಳು ಅಂತ ಕಳಿಸಿ, ಜೊತೆಗೆ ಕಾರಣಾನೂ ಕಳಿಸಿ. ಕೋಡೇ ಇಲ್ಲದ ಸಾಲಿಗೆ, ಖಾಲಿ ಸಾಲಿಗೋ ಕಾಮೆಂಟ್‌ಗೋ ಬ್ರೇಕ್‌ಪಾಯಿಂಟ್ ಹಾಕಿದ್ರೂ ಅಷ್ಟೇ, ಗೆಟ್‌ಇನ್ಫೋಗೆ ದೊಡ್ಡ ಎಲ್ ಕೊಟ್ರೆ ಯಾವ್ಯಾವ ಸಾಲಲ್ಲಿ ನಿಲ್ಲೋಕಾಗುತ್ತೆ ಅಂತ ಪಟ್ಟಿ ಕೊಡುತ್ತೆ, ಅದನ್ನ ನೋಡಿ ಉತ್ತರಿಸಿ.

ಕಂಪೈಲ್ ಆಗಿ, ಓಡುವಾಗ ಎರರ್ ಬಂದ್ರೆ? ಉದಾಹರಣೆಗೆ ಖಾತೆ.ಬಾಕಿ > 500 ಅಂತ ಕಂಡೀಶನ್, ಖಾತೆನೇ ನಿಲ್. ಇಲ್ಲಿ ಎರಡು ದಾರಿ, ಎರರ್ ಅಂದ್ರೆ ಸುಳ್ಳು ಅಂದ್ಕೊಂಡು ಮುಂದೆ ಹೋಗೋದು, ಇಲ್ಲಾ ನಿಂತು ಹೇಳೋದು. ನಾನು ಮೊದಲನೇದನ್ನ ಮಾಡಿದ್ದೆ, ಅದು ತಪ್ಪು. ಪೈಥಾನ್‌ನ ಪಿಡಿಬಿ ಕಂಡೀಶನ್ ಓಡಿಸೋಕಾಗದಿದ್ರೆ ನಿಲ್ಲುತ್ತೆ, ಜಿಡಿಬಿನೂ ನಿಂತು ಕಂಡೀಶನ್‌ನಲ್ಲಿ ಎರರ್ ಬಂತು ಅಂತ ಹೇಳುತ್ತೆ. ಅದೇ ಸರಿ. ಬ್ರೇಕ್‌ಪಾಯಿಂಟ್ ಹಾಕಿದವನು ಕಾಯ್ತಾ ಕೂತಿರ್ತಾನೆ, ನಿಲ್ಲಲಿಲ್ಲ ಅಂದ್ರೆ ಷರತ್ತು ಯಾವತ್ತೂ ನಿಜ ಆಗಲಿಲ್ಲ ಅಂತ ತೀರ್ಮಾನ ಮಾಡ್ತಾನೆ. ಆ ತೀರ್ಮಾನಕ್ಕೆ ನಾವು ಜವಾಬ್ದಾರರು. ಸುಮ್ಮನೆ ಒಂದು ಸಲ ಹೆಚ್ಚಿಗೆ ನಿಂತ್ರೆ ಅವನಿಗೆ ಹೋಗೋದು ಒಂದು ಬಟನ್ ಒತ್ತೋ ಶ್ರಮ.

ಹಿಟ್ ಕೌಂಟ್ ಬಗ್ಗೆ ನನಗೆ ಬಹಳ ಜನ ಕೇಳಿದಾರೆ. ಮೊದಲ 50 ಸಲ ಬಿಟ್ಟು ಆಮೇಲೆ ನಿಲ್ಲು ಅಂತ ಹೇಳಿದ್ವಿ, ಜೊತೆಗೆ ಕಂಡೀಶನ್ನೂ ಇದೆ. ಆ 50 ಅನ್ನ ಎಣಿಸೋದು ಸಾಲಿಗೆ ಬಂದಾಗೆಲ್ಲಾನಾ, ಕಂಡೀಶನ್ ನಿಜ ಆದಾಗ ಮಾತ್ರಾನಾ? ಹೆಸರಾಂತ ಡಿಬಗ್ಗರ್‌ಗಳಲ್ಲೇ ಒಮ್ಮತ ಇಲ್ಲ. ಜಿಡಿಬಿಯಲ್ಲಿ ಎಣಿಕೆ ಬಾಕಿ ಇರೋ ತನಕ ಕಂಡೀಶನ್ ನೋಡೋದೇ ಇಲ್ಲ. ಪಿಡಿಬಿಯಲ್ಲಿ ಕಂಡೀಶನ್ ನಿಜ ಆದಾಗ ಮಾತ್ರ ಎಣಿಕೆ ಇಳಿಯುತ್ತೆ. ಒಂದೇ ಸಂಖ್ಯೆ ಕೊಟ್ರೂ ಎರಡೂ ಬೇರೆ ಬೇರೆ ಜಾಗದಲ್ಲಿ ನಿಲ್ತವೆ. ನಾವು ಪಿಡಿಬಿ ದಾರಿ ಹಿಡಿದ್ವಿ, ಯಾಕಂದ್ರೆ ನಮ್ಮ ಜನ ಕೇಳೋದು 500ಕ್ಕಿಂತ ಜಾಸ್ತಿ ಬಾಕಿ ಇರೋ ಮೂರನೇ ರೈತನ ಹತ್ರ ನಿಲ್ಲಿಸು ಅಂತ, ಆ ಸಾಲಿಗೆ 50 ಸಲ ಬಂದಾದ್ಮೇಲೆ ನೋಡು ಅಂತ ಅಲ್ಲ. ನೀವು ಯಾವುದನ್ನ ಬೇಕಾದ್ರೂ ಆರಿಸ್ಕೊಳ್ಳಿ, ಬ್ರೇಕ್‌ಪಾಯಿಂಟ್ ಪಟ್ಟಿಯಲ್ಲಿ ಮಾತ್ರ ಎರಡು ಸಂಖ್ಯೆನೂ ತೋರಿಸಿ, ಎಷ್ಟು ಸಲ ಇಲ್ಲಿಗೆ ಬಂತು, ಅದರಲ್ಲಿ ಎಷ್ಟು ಸಲ ನಿಜ ಆಯ್ತು. ಬಂದಿದ್ದು 1840, ನಿಜ ಆಗಿದ್ದು 0 ಅಂತ ಕಂಡ್ರೆ ಕಂಡೀಶನ್ ನೋಡ್ಕೊಳ್ತಾರೆ, ಬಂದಿದ್ದೇ 0 ಅಂತ ಕಂಡ್ರೆ ಫೈಲ್ ಹೆಸರೋ ಕೊರೂಟೀನೋ ಅಂತ ಹುಡುಕ್ತಾರೆ.

ಇದೆಲ್ಲ ಕಟ್ಟೋಕೆ ಸಮಯ ಇಲ್ಲ ಅನ್ನೋರಿಗೆ ಒಂದು ಹಳೇ ದಾರಿ ಇದೆ, ಅದೇನೂ ಕೀಳಲ್ಲ. ರೆಡಿಸ್ 3.2ರಿಂದ ಅದರೊಳಗೆ ಲುವಾ ಡಿಬಗ್ಗರ್ ಬರುತ್ತೆ, ಅಲ್ಲಿ ಸ್ಕ್ರಿಪ್ಟ್ ಒಳಗೇ ಇಫ್ ಬರೆದು ಅದರೊಳಗೆ ರೆಡಿಸ್.ಬ್ರೇಕ್‌ಪಾಯಿಂಟ್ ಅಂತ ಕರೆಯಬಹುದು. ಪೈಥಾನ್ 3.7ರಿಂದ ಬ್ರೇಕ್‌ಪಾಯಿಂಟ್ ಅನ್ನೋ ಬಿಲ್ಟ್‌ಇನ್ ಫಂಕ್ಷನ್ ಇದೆ, ಅದನ್ನೂ ಇಫ್ ಒಳಗೆ ಇಡಬಹುದು. ಅದರ ದೊಡ್ಡ ಗುಣ ಏನಂದ್ರೆ ಆ ಷರತ್ತನ್ನ ಓಡಿಸೋದು ಭಾಷೆಯೇ, ಅದರ ಸ್ವಂತ ಸ್ಕೋಪ್ ನಿಯಮದಲ್ಲಿ, ಡಬ್ಬಿ, ಲೆವೆಲ್, ಅಪ್‌ವ್ಯಾಲ್ಯೂ ಯಾವ ತಾಪತ್ರಯಾನೂ ಇಲ್ಲ. ನಾವು ನಮ್ಮ ಡಿಬಗ್ಗರ್ ಟೆಸ್ಟ್ ಮಾಡೋಕೂ ಇದನ್ನೇ ಬಳಸಿದ್ವಿ: ಒಂದೇ ಸ್ಕ್ರಿಪ್ಟ್‌ನ ಎರಡು ಪ್ರತಿ, ಒಂದರಲ್ಲಿ ಷರತ್ತು ಇಫ್ ಆಗಿ ಸ್ಕ್ರಿಪ್ಟ್ ಒಳಗೇ ಇರುತ್ತೆ, ಇನ್ನೊಂದರಲ್ಲಿ ಅದೇ ಷರತ್ತು ನಮ್ಮ ಕಂಡೀಶನಲ್ ಬ್ರೇಕ್‌ಪಾಯಿಂಟ್ ಆಗಿರುತ್ತೆ. ಎರಡೂ ಅದೇ ಎಂಟ್ರಿಗಳಲ್ಲಿ ನಿಲ್ಲಬೇಕು. ನಿಲ್ ಲೋಕಲ್, ಒಂದೇ ಹೆಸರಿನ ಎರಡು ಲೋಕಲ್, ಅಪ್‌ವ್ಯಾಲ್ಯೂ, ಕೊರೂಟೀನ್ ಒಳಗಿನ ಲೂಪ್, ಒಂದೊಂದಕ್ಕೂ ಹೀಗೆ ಜೋಡಿ ಬರೆದಿಟ್ಟಿದೀವಿ. ಆ ಟೆಸ್ಟ್ ಫೋಲ್ಡರ್‌ನ ಮೊದಲ ಫೈಲು ಇವತ್ತಿಗೂ ಆ ಮೂರು ಸಾಲೇ, ಫ್ಯಾಟ್ 4.35 ಇಟ್ಕೊಂಡು.